ಏಳನೇ ಸೆಮ್ ಜರ್ಮನಿಯಲ್ಲಿ ಓದಿದರೆ ಇಲ್ಲಿನ ಡಿಗ್ರಿಗೆ ಆ ಕ್ರೆಡಿಟ್ ಕೂರಿಸುವುದು ಹೇಗೆ?

ಹಾಸನದ_ಇಸಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಅಟಾನಮಸ್ (ಸಿಲಬಸ್, ಪರೀಕ್ಷೆ ತಾನೇ ನಡೆಸುವ) ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಕಾಲೇಜು. ಈಗ ಐದನೇ ಸೆಮ್. ಜರ್ಮನಿಯ ಒಂದು ಯೂನಿವರ್ಸಿಟಿ ಜೊತೆ ನಮ್ಮ ಕಾಲೇಜಿಗೆ ಎಕ್ಸ್‌ಚೇಂಜ್ ಒಪ್ಪಂದ ಇದೆ. ಏಳನೇ ಸೆಮ್ ಅಲ್ಲಿ ಓದಬಹುದು. ಅಲ್ಲಿ ಟ್ಯೂಷನ್ ಫೀ ಇಲ್ಲ, ಇಲ್ಲಿನ ಫೀ ಕಟ್ಟಿದರೆ ಸಾಕು. ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ.

ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಒಂದು ಭಯ. ವಾಪಸ್ ಬಂದ ಮೇಲೆ "ಆ ಸೆಮ್ ಲೆಕ್ಕಕ್ಕಿಲ್ಲ, ಮತ್ತೆ ಓದು" ಅಂದರೆ ಏನು ಮಾಡುವುದು? ನಮ್ಮ ಡಿಗ್ರಿಗೆ ಒಟ್ಟು 160 ಕ್ರೆಡಿಟ್ ಬೇಕು. ಏಳನೇ ಸೆಮ್‌ಗೆ 20. ಅದರಲ್ಲಿ ಎರಡು ಕೋರ್ (ಕಡ್ಡಾಯ) ಸಬ್ಜೆಕ್ಟ್, ತಲಾ 4. ಎರಡು ಪ್ರೊಫೆಷನಲ್ ಎಲೆಕ್ಟಿವ್ (ನಮ್ಮ ಬ್ರಾಂಚಿನಲ್ಲೇ ಆರಿಸಿಕೊಳ್ಳುವುದು), ತಲಾ 3. ಒಂದು ಓಪನ್ ಎಲೆಕ್ಟಿವ್ (ಬೇರೆ ಬ್ರಾಂಚಿನ ಸಬ್ಜೆಕ್ಟ್) 3, ಪ್ರಾಜೆಕ್ಟ್ 3. ಅಲ್ಲಿ ಇಸಿಟಿಎಸ್ ಅನ್ನುವ ಬೇರೆಯದೇ ಲೆಕ್ಕ ಇದೆ. ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಡ್ರೆಸ್ಡೆನ್_ಕನ್ನಡಿಗ:

ಮೊದಲು ಅಭಿನಂದನೆ. ಧೈರ್ಯವಾಗಿ ಹೊರಡಿ, ಆದರೆ ತಯಾರಿ ಈಗಲೇ ಶುರುವಾಗಬೇಕು.

ಇಸಿಟಿಎಸ್ ಅಂದರೆ ಯೂರೋಪಿನ ಕ್ರೆಡಿಟ್ ಪದ್ಧತಿ. ಒಂದು ವರ್ಷಕ್ಕೆ 60, ಒಂದು ಸೆಮ್‌ಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ, ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಅಂತ ಲೆಕ್ಕ. ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ಆ ಗಂಟೆಗಳಲ್ಲಿ ಪಾಠ ಮಾತ್ರ ಇಲ್ಲ. ಮನೆಯಲ್ಲಿ ಕೂತು ಓದುವುದು, ಅಸೈನ್‌ಮೆಂಟ್, ಪರೀಕ್ಷೆಯ ತಯಾರಿ, ಎಲ್ಲವೂ ಸೇರಿದೆ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠದಂತೆ ಒಂದು ಸೆಮ್ ನಡೆದರೆ ಒಂದು ಕ್ರೆಡಿಟ್. ಎರಡರ ಅಳತೆಯೇ ಬೇರೆ. ಅದಕ್ಕೇ ಸೀನಿಯರ್‌ಗಳ ಉತ್ತರ ಒಂದಕ್ಕೊಂದು ಹೊಂದುತ್ತಿಲ್ಲ.

ಇನ್ನೊಂದು ಮಾತು. ಇಲ್ಲಿ ಜರ್ಮನಿಯಲ್ಲಿ ಬ್ಯಾಚುಲರ್ ಮಟ್ಟದ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಇಂಗ್ಲಿಷ್ ಪಾಠಗಳು ಜಾಸ್ತಿ ಸಿಗುವುದು ಮಾಸ್ಟರ್ಸ್‌ನಲ್ಲಿ. ಎಕ್ಸ್‌ಚೇಂಜ್ ವಿದ್ಯಾರ್ಥಿಗಳನ್ನು ಮಾಸ್ಟರ್ಸ್ ಪಾಠಕ್ಕೆ ಸೇರಿಸಿಕೊಳ್ಳುತ್ತಾರಾ ಅಂತ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಇವತ್ತೇ ಇಮೇಲ್ ಹಾಕಿ. ಉತ್ತರ ಇಲ್ಲ ಅಂತ ಬಂದರೆ ನಿಮ್ಮ ಆಯ್ಕೆ ಬಹಳ ಕಡಿಮೆಯಾಗುತ್ತದೆ.

ಕಾಲೇಜ್_ಮೇಡಂ:

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ (ಸಿಲಬಸ್ ತೀರ್ಮಾನಿಸುವ ಸಮಿತಿ) ಇಂಥ ಅರ್ಜಿಗಳನ್ನು ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಕ್ಕಳು ಸಾಮಾನ್ಯವಾಗಿ ಆ ಯೂನಿವರ್ಸಿಟಿಯ ಕೋರ್ಸ್ ಪಟ್ಟಿಯಿಂದ ಶುರು ಮಾಡುತ್ತಾರೆ. ಚೆನ್ನಾಗಿರುವ ಆರು ಸಬ್ಜೆಕ್ಟ್ ಆರಿಸಿ, 30 ಇಸಿಟಿಎಸ್ ತುಂಬಿಸಿ, "ಮೇಡಂ, ಒಪ್ಪಿಗೆ ಕೊಡಿ" ಅಂತ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಸೆಮ್‌ಗೆ ಯಾವ ಸಬ್ಜೆಕ್ಟ್ ಅಂತ ಇರುವ ನಿಮ್ಮ ಸ್ಕೀಮ್ ಪುಸ್ತಕದಿಂದ ಶುರು ಮಾಡಿ. ಏಳು ಮತ್ತು ಎಂಟನೇ ಸೆಮ್‌ನಲ್ಲಿ ಏನೇನು ಬಾಕಿ ಇದೆ, ಯಾವುದು ಯಾವ ಖಾನೆಗೆ ಸೇರುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಒಂದೊಂದು ಖಾನೆಗೂ ಅಲ್ಲಿ ಏನು ಸಿಗುತ್ತದೆ ಅಂತ ಹುಡುಕಿ.

ಯಾಕೆ ಅಂದರೆ, ಡಿಗ್ರಿ ಕೊಡುವಾಗ ಬರೀ ಒಟ್ಟು ಮೊತ್ತ ನೋಡುವುದಿಲ್ಲ. 160 ಆಯಿತಾ ಅನ್ನುವುದರ ಜೊತೆಗೆ ಕೋರ್ ಮುಗಿಯಿತಾ, ಎಲೆಕ್ಟಿವ್ ಎಷ್ಟಾಯಿತು, ಪ್ರಾಜೆಕ್ಟ್ ಆಯಿತಾ ಅಂತ ಒಂದೊಂದನ್ನೂ ನೋಡುತ್ತೇವೆ. ಮನೆಗೆ ಮೂಟೆ ಅಕ್ಕಿ ಬಂದರೂ ಸಾರಿಗೆ ಬೇಳೆ ಬೇಕೇ ಬೇಕು, ಅಲ್ವಾ? ಹಾಗೆ.

ಓಪನ್ ಎಲೆಕ್ಟಿವ್ ಕೂರಿಸುವುದು ಸುಲಭ. ಪ್ರೊಫೆಷನಲ್ ಎಲೆಕ್ಟಿವ್ ಕೂಡ ಪರವಾಗಿಲ್ಲ, ವಿಷಯ ನಿಮ್ಮ ಬ್ರಾಂಚಿಗೆ ಹತ್ತಿರ ಇದ್ದರೆ ಸಾಕು. ಕಷ್ಟ ಇರುವುದು ಕೋರ್‌ನಲ್ಲಿ. ಅಲ್ಲಿ ಸಿಲಬಸ್ ಪಕ್ಕಪಕ್ಕ ಇಟ್ಟು ಯೂನಿಟ್ ಯೂನಿಟ್ ಹೋಲಿಸುತ್ತಾರೆ. ಎಷ್ಟು ಹೊಂದಿದರೆ ಸಾಕು ಅನ್ನುವುದನ್ನು ಆಯಾ ಕಾಲೇಜಿನ ಅಕಾಡೆಮಿಕ್ ಕೌನ್ಸಿಲ್ ತೀರ್ಮಾನಿಸುತ್ತದೆ, ಡೀನ್ ಆಫೀಸಿನಲ್ಲಿ ಕೇಳಿ. ಹಾಗಾಗಿ ನನ್ನ ಸಲಹೆ ಇಷ್ಟು: ನಿಮ್ಮ ಕಾಲೇಜು ಅವಕಾಶ ಕೊಟ್ಟರೆ ಏಳನೆಯದರ ಒಂದು ಕೋರ್ ಅನ್ನು ಆರನೇ ಸೆಮ್‌ನಲ್ಲೇ ಮುಗಿಸಿ, ಆರನೆಯದರ ಎಲೆಕ್ಟಿವ್ ಅನ್ನು ಮುಂದಕ್ಕೆ ಉಳಿಸಿಕೊಳ್ಳಿ. ಎಲೆಕ್ಟಿವ್ ಖಾನೆಗಳೆಲ್ಲ ಹೊರದೇಶದ ಸೆಮ್‌ಗೆ ಇರಲಿ. ನಾನು ಎಲ್ಲ ಮಕ್ಕಳಿಗೂ ಮೊದಲು ಹೇಳುವ ಮಾತು ಇದೇ.

ಇನ್ನು ಹೊರದೇಶದಲ್ಲಿ ಎಲ್ಲೂ ಸಿಗದ ಕೆಲವು ಇವೆ. ಭಾರತದ ಸಂವಿಧಾನದ ಪಾಠ ಜರ್ಮನಿಯಲ್ಲಿ ಸಿಗುವುದಿಲ್ಲ. ಸಾಂಸ್ಕೃತಿಕ ಕನ್ನಡ ಅಥವಾ ಬಳಕೆ ಕನ್ನಡ ಬಾಕಿ ಇದ್ದರೆ ಅದೂ ಇಲ್ಲೇ ಆಗಬೇಕು. ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಕೇಳುವ ಆಕ್ಟಿವಿಟಿ ಪಾಯಿಂಟ್, ಅಂದರೆ ಪಾಠದ ಹೊರಗಿನ ಚಟುವಟಿಕೆಯ ಅಂಕ, 100 ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ಲ್ಯಾಟರಲ್ ಎಂಟ್ರಿಯವರಿಗೆ 75. ಇದಕ್ಕೆ ಕ್ರೆಡಿಟ್ ಇಲ್ಲ, ಆದರೆ ಇದು ಮುಗಿಯದೆ ಡಿಗ್ರಿ ಇಲ್ಲ. ಹೊರಡುವ ಮೊದಲೇ ಮುಗಿಸಿಬಿಡಿ.

ಹಾಸನದ_ಇಸಿ:

ಮೇಡಂ, ತುಂಬಾ ಧನ್ಯವಾದ. ಆಕ್ಟಿವಿಟಿ ಪಾಯಿಂಟ್ ಇನ್ನೂ ಬಾಕಿ ಇದೆ, ಈ ರಜೆಯಲ್ಲೇ ಮಾಡುತ್ತೇನೆ. ಹಾಗಾದರೆ 30 ಇಸಿಟಿಎಸ್‌ಗೆ ನಮ್ಮ ಎಷ್ಟು ಕ್ರೆಡಿಟ್? ಒಬ್ಬರು 20 ಅಂದರು, ಇನ್ನೊಬ್ಬರು 15 ಅಂದರು.

ಕಾಲೇಜ್_ಮೇಡಂ:

ಎರಡನ್ನೂ ಬಳಸುವ ಕಡೆ ಇವೆ. ನನಗೆ ನ್ಯಾಯ ಅನ್ನಿಸುವುದು 20. ಅವರ ಒಂದು ಸೆಮ್ 30, ನಮ್ಮ ಒಂದು ಸೆಮ್ ಸುಮಾರು 20. ಪೂರ್ತಿ ಸೆಮ್ ಓದಿ ಬಂದ ವಿದ್ಯಾರ್ಥಿಗೆ ಪೂರ್ತಿ ಸೆಮ್ ಕೊಡಬೇಕು. ಆಗ ಒಂದೂವರೆ ಇಸಿಟಿಎಸ್‌ಗೆ ಒಂದು ಕ್ರೆಡಿಟ್ ಆಗುತ್ತದೆ.

2:1 ಲೆಕ್ಕ ಅಮೆರಿಕದವರದು. ಅಲ್ಲಿ ಸೆಮ್‌ಗೆ 15 ಕ್ರೆಡಿಟ್, ಅದಕ್ಕೇ 30ಕ್ಕೆ 15. ಅದನ್ನು ಹಾಗೇ ತಂದು ಇಲ್ಲಿ ಹಾಕಿದರೆ ನಮ್ಮ ಮಕ್ಕಳಿಗೆ 5 ಕ್ರೆಡಿಟ್ ನಷ್ಟ. ನಿಮ್ಮ ಕಾಲೇಜಿನಲ್ಲಿ ಯಾರಾದರೂ 15 ಅಂದರೆ ವಿನಯದಿಂದಲೇ ಈ ಪ್ರಶ್ನೆ ಕೇಳಿ: ಅವರ ಪೂರ್ತಿ ಸೆಮ್ ನಮ್ಮ ಮುಕ್ಕಾಲು ಸೆಮ್ ಹೇಗಾಗುತ್ತದೆ?

ಇನ್ನೊಂದು ವಾದವನ್ನೂ ಕೇಳಿದ್ದೇನೆ. ನಮ್ಮ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆ ಕಲಿಕೆ. ಜರ್ಮನಿಯಲ್ಲೂ 30 ಗಂಟೆ. ಹಾಗಾದರೆ 1:1 ಕೊಡಿ ಅಂತ. ಗಂಟೆ ನೋಡಿದರೆ ಸರಿ ಅನ್ನಿಸುತ್ತದೆ. ಆದರೆ ಅದೇ ಫ್ರೇಮ್‌ವರ್ಕ್ ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್ ಅನ್ನುತ್ತದೆ. ಜರ್ಮನಿಯಲ್ಲಿ 60 ಕ್ರೆಡಿಟ್‌ಗೆ 1,800 ಗಂಟೆ. ಒಂದು ಸೆಮ್ ಓದಿದವರಿಗೆ ಒಂದೂವರೆ ಸೆಮ್ ಕೊಡಲು ಯಾವ ಕೌನ್ಸಿಲ್ ಒಪ್ಪುತ್ತದೆ? ಇದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. 15 ಅನ್ನುವವರ ಎದುರು ಮಾತ್ರ ಈ ಲೆಕ್ಕ ಒಳ್ಳೆ ಉತ್ತರ.

ಈಗ ಮುಖ್ಯವಾದ್ದು, ಮಕ್ಕಳು ನಿಜವಾಗಿ ಕ್ರೆಡಿಟ್ ಕಳೆದುಕೊಳ್ಳುವ ಜಾಗ. ಜರ್ಮನಿಯಲ್ಲಿ ಬಹಳಷ್ಟು ಸಬ್ಜೆಕ್ಟ್ 5 ಇಸಿಟಿಎಸ್ ಇರುತ್ತವೆ. ಒಂದೂವರೆಯಿಂದ ಭಾಗಿಸಿದರೆ 3.33. ಆಫೀಸಿನಲ್ಲಿ ಅದನ್ನು 3 ಅಂತ ಬರೆಯುತ್ತಾರೆ. ಅಂಥ ಆರು ಸಬ್ಜೆಕ್ಟ್ ಓದಿದರೆ 30 ಇಸಿಟಿಎಸ್, ಆದರೆ ಕೈಗೆ ಬರುವುದು 18. ಒಟ್ಟು ಕೂಡಿಸಿ ಆಮೇಲೆ ಭಾಗಿಸಿದ್ದರೆ 20. ಅಲ್ಲೇ 2 ಕ್ರೆಡಿಟ್ ಹೋಯಿತು. ಒಂದೊಂದಾಗಿ ಲೆಕ್ಕ ಹಾಕುತ್ತಾರಾ, ಒಟ್ಟಿಗೆ ಹಾಕುತ್ತಾರಾ ಅಂತ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. 6 ಇಸಿಟಿಎಸ್ ಇರುವ ಸಬ್ಜೆಕ್ಟ್ ಸಿಕ್ಕರೆ ಬಿಡಬೇಡಿ, ಸರಿಯಾಗಿ 4 ಆಗುತ್ತದೆ.

ಶಿವಮೊಗ್ಗ_ಸಿವಿಲ್:

ನಮ್ಮದು ಅಟಾನಮಸ್ ಅಲ್ಲ ಮೇಡಂ. ನಮಗೂ ಇದೇ ದಾರಿ ಇದೆಯಾ?

ಕಾಲೇಜ್_ಮೇಡಂ:

ದಾರಿ ಸ್ವಲ್ಪ ಉದ್ದ. ನಿಮ್ಮ ಸಿಲಬಸ್ ಮತ್ತು ಪರೀಕ್ಷೆ ಎರಡೂ ಯೂನಿವರ್ಸಿಟಿ ಕೈಯಲ್ಲಿ ಇರುವುದರಿಂದ ಪ್ರಿನ್ಸಿಪಾಲರ ಒಪ್ಪಿಗೆ ಒಂದೇ ಸಾಲದು. ಬೆಳಗಾವಿಯ ವಿಟಿಯು ಕಚೇರಿಯಿಂದ ಪತ್ರ ಬರಬೇಕು. ಪತ್ರ ಕೈಗೆ ಬರುವ ತನಕ ಟಿಕೆಟ್ ಬುಕ್ ಮಾಡಬೇಡಿ.

ನಿಮಗೆ ಇನ್ನೊಂದು ಉಪಾಯ ಹೇಳುತ್ತೇನೆ. ಸೆಮಿಸ್ಟರ್ ಬದಲು ಇಂಟರ್ನ್‌ಶಿಪ್ ನೋಡಿ. ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ದೊಡ್ಡ ಮೊತ್ತದ ಕ್ರೆಡಿಟ್ ಇದೆ. ಅದಕ್ಕಾಗಿ ಏಳು ಮತ್ತು ಎಂಟನೇ ಸೆಮ್ ಅದಲುಬದಲು ಮಾಡುವ ಅವಕಾಶವೂ ಸ್ಕೀಮ್‌ನಲ್ಲಿದೆ. ಜರ್ಮನಿಯ ಡಿಎಎಡಿ ಸಂಸ್ಥೆಯ ವೈಸ್ ಸ್ಕಾಲರ್‌ಶಿಪ್ ಇದೆ, ಕೆನಡಾದಲ್ಲಿ ಮೈಟ್ಯಾಕ್ಸ್ ಗ್ಲೋಬಲಿಂಕ್‌ನ 12 ವಾರದ ಸಂಶೋಧನಾ ಇಂಟರ್ನ್‌ಶಿಪ್ ಇದೆ. ಎರಡಕ್ಕೂ ಯಾರು ಅರ್ಹರು ಅಂತ ಓದಿಕೊಳ್ಳಿ. ಇಂಟರ್ನ್‌ಶಿಪ್‌ನಲ್ಲಿ ಸಿಲಬಸ್ ಹೋಲಿಸುವ ಕಷ್ಟ ಇಲ್ಲ. ವಾರಗಳ ಲೆಕ್ಕ ಮತ್ತು ವರದಿ ಸರಿ ಇದ್ದರೆ ಆಯಿತು. ಆದರೆ ನಿಮ್ಮ ಸ್ಕೀಮ್ ಎಷ್ಟು ವಾರ ಕೇಳುತ್ತದೆ ಅಂತ ನೋಡಿ. 12 ವಾರ ಸಾಲದಿದ್ದರೆ ಉಳಿದದ್ದು ಇಲ್ಲಿ ಮಾಡಬೇಕಾಗುತ್ತದೆ.

ಬೇ_ಏರಿಯಾ_ಅಮ್ಮ:

ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೇವೆ, ಊರು ಮೈಸೂರು. ಮಗಳು ಇಲ್ಲಿನ ಯೂನಿವರ್ಸಿಟಿಯಿಂದ ಸ್ಪೇನ್‌ಗೆ ಒಂದು ಸೆಮ್ ಹೋಗಿ ಬಂದಳು. ಮೇಡಂ ಹೇಳಿದ ಬೇಳೆಯ ಮಾತು ನೂರಕ್ಕೆ ನೂರು ನಿಜ. 30 ಇಸಿಟಿಎಸ್‌ಗೆ 15 ಕ್ರೆಡಿಟ್ ಬಂತು. ಆದರೆ ಅವಳ ಮೇಜರ್‌ಗೆ (ಮುಖ್ಯ ವಿಷಯ) ಬೇಕಿದ್ದದ್ದು ಅಪ್ಪರ್ ಡಿವಿಷನ್, ಅಂದರೆ ಮೇಲಿನ ಹಂತದ ಸಬ್ಜೆಕ್ಟ್. ಅಲ್ಲಿ ಓದಿದ ಎರಡನ್ನು ಡಿಪಾರ್ಟ್‌ಮೆಂಟ್ ಬರೀ ಎಲೆಕ್ಟಿವ್ ಅಂತ ಹಾಕಿಕೊಂಡಿತು. ಒಟ್ಟು ಮೊತ್ತ ತುಂಬಿತು, ಮೇಜರ್ ತುಂಬಲಿಲ್ಲ. ಹೊರಡುವ ಮೊದಲು ಅಡ್ವೈಸರ್ ಬಾಯಲ್ಲಿ "ಎಲ್ಲಾ ಆಗುತ್ತೆ" ಅಂದಿದ್ದರು. ಬರಹದಲ್ಲಿ ಏನೂ ಇರಲಿಲ್ಲ. ಕೊನೆಗೆ ಸಮ್ಮರ್‌ನಲ್ಲಿ ಮತ್ತೆ ಎರಡು ಕೋರ್ಸ್, ಅದಕ್ಕೆ ಬೇರೆ ಫೀ.

ಇಲ್ಲಿರುವ ಕನ್ನಡದ ತಂದೆ ತಾಯಿಯರಿಗೆ ಇನ್ನೊಂದು ಮಾತು. ಹಲವು ಯೂನಿವರ್ಸಿಟಿಗಳಲ್ಲಿ ಕೊನೆಯ ಇಷ್ಟು ಕ್ರೆಡಿಟ್ ಕ್ಯಾಂಪಸ್‌ನಲ್ಲೇ ಓದಬೇಕು ಅನ್ನುವ ನಿಯಮ ಇರುತ್ತದೆ, ರೆಸಿಡೆನ್ಸಿ ಅಂತ ಕರೆಯುತ್ತಾರೆ. ಕೊನೆಯ ವರ್ಷ ಹೊರಗೆ ಹೋಗುವವರು ಇದನ್ನು ಮೊದಲು ನೋಡಬೇಕು. ಸ್ವಂತ ಯೂನಿವರ್ಸಿಟಿಯ ಕಾರ್ಯಕ್ರಮದಲ್ಲೇ ಹೋದರೆ ಕೆಲವು ಕಡೆ ವಿನಾಯಿತಿ ಇದೆ, ಬೇರೆ ಸಂಸ್ಥೆಯ ಮೂಲಕ ಹೋದರೆ ಅದು ಸಿಗದೇ ಹೋಗಬಹುದು.

ಧಾರವಾಡದ_ಅಪ್ಪ:

ನನ್ನ ಮಗನೂ ಇದೇ ಆಲೋಚನೆಯಲ್ಲಿ ಇದ್ದಾನೆ. ಟ್ಯೂಷನ್ ಇಲ್ಲ ಅಂದರೂ ಖರ್ಚು ಎಷ್ಟು? ಅವರು ಬ್ಯಾಂಕಿನಲ್ಲಿ ದುಡ್ಡು ತೋರಿಸಿ ಅನ್ನುತ್ತಾರೆ ಅಂತ ಕೇಳಿದೆ.

ಡ್ರೆಸ್ಡೆನ್_ಕನ್ನಡಿಗ:

ಹೌದು ಸರ್, ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವಾಗ ಹೊಸದನ್ನು ನೋಡಿ. ಆ ದುಡ್ಡು ನಿಮ್ಮದೇ, ಇಲ್ಲಿಗೆ ಬಂದ ಮೇಲೆ ತಿಂಗಳು ತಿಂಗಳು ಮಗನಿಗೇ ಬರುತ್ತದೆ. ಇದರ ಜೊತೆ ಆರೋಗ್ಯ ವಿಮೆ ಮತ್ತು ಸೆಮಿಸ್ಟರ್ ಶುಲ್ಕ ಇರುತ್ತದೆ.

ದುಡ್ಡಿಗಿಂತ ನನಗೆ ಜಾಸ್ತಿ ಚಿಂತೆ ಕ್ಯಾಲೆಂಡರ್‌ದು. ಇದನ್ನು ಹಾಸನದವರೂ ಓದಿ. ಇಲ್ಲಿ ಚಳಿಗಾಲದ ಸೆಮ್ ಅಕ್ಟೋಬರ್ 1ರಿಂದ ಮಾರ್ಚ್ 31. ಯೂನಿವರ್ಸಿಟಿಗಳಲ್ಲಿ ಪಾಠ ಅಕ್ಟೋಬರ್ ಮಧ್ಯಕ್ಕೆ ಶುರು, ಫೆಬ್ರವರಿ ಮೊದಲ ಭಾಗಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ, ಕೆಲವು ಮಾರ್ಚ್‌ಗೂ ಹೋಗುತ್ತವೆ. ಅಷ್ಟರಲ್ಲಿ ನಿಮ್ಮ ಎಂಟನೇ ಸೆಮ್ ಶುರುವಾಗಿರುತ್ತದೆ. ವಿಟಿಯುನಲ್ಲಿ ಹಾಜರಾತಿ 85 ಪರ್ಸೆಂಟ್ ಬೇಕು. ಮೊದಲ ಕೆಲವು ವಾರ ನೀವು ಇಲ್ಲೇ ಪರೀಕ್ಷೆ ಬರೆಯುತ್ತಾ ಇದ್ದರೆ ಅಲ್ಲಿ ಹಾಜರಾತಿ ಯಾರು ಕೊಡುತ್ತಾರೆ? ಆ ದಿನಗಳನ್ನು ಹಾಜರಿ ಅಂತ ಪರಿಗಣಿಸಲು ಈಗಲೇ ಪತ್ರ ತೆಗೆದುಕೊಳ್ಳಿ. ಎಂಟನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ ಇದ್ದರೆ ಅದನ್ನು ಏಪ್ರಿಲ್‌ನಿಂದ ಶುರು ಮಾಡಲು ಆಗುತ್ತಾ ಅಂತ ಕೇಳಿ. ಅಪ್ಲೈಡ್ ಸೈನ್ಸಸ್ ಯೂನಿವರ್ಸಿಟಿಗಳಲ್ಲಿ ಪಾಠ ಸ್ವಲ್ಪ ಬೇಗ ಶುರುವಾಗಿ ಪರೀಕ್ಷೆಯೂ ಬೇಗ ಮುಗಿಯುತ್ತದೆ. ಆಯ್ಕೆ ಇದ್ದರೆ ಅದು ಒಳ್ಳೆಯದು.

ಪರೀಕ್ಷೆ ಬಗ್ಗೆ ಎರಡು ಮಾತು ಹೇಳದೆ ಬಿಡಲ್ಲ. ಇಲ್ಲಿ ಕ್ಲಾಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಲ್ಲ. ಪರೀಕ್ಷೆಗೆ ಬೇರೆಯಾಗಿ ರಿಜಿಸ್ಟರ್ ಮಾಡಬೇಕು, ಅದಕ್ಕೆ ಕೊನೆ ದಿನ ಇದೆ. ಅದು ದಾಟಿದರೆ ಇಡೀ ಸೆಮ್ ಕ್ಲಾಸಿಗೆ ಕೂತರೂ ಸೊನ್ನೆ. ಇಂಟರ್ನಲ್ಸ್ ಅಂತ ಸಾಮಾನ್ಯವಾಗಿ ಇಲ್ಲ, ಕೊನೆಯ ಒಂದೇ ಪರೀಕ್ಷೆ. ಫೇಲ್ ಆದರೆ ಮರುಪರೀಕ್ಷೆ ಎಷ್ಟೋ ಸಲ ಮುಂದಿನ ಸೆಮ್‌ನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಊರಿನಲ್ಲಿ ಇರುತ್ತೀರಿ. ಅದಕ್ಕೇ ಬೇಕಾದ್ದಕ್ಕಿಂತ ಒಂದು ಸಬ್ಜೆಕ್ಟ್ ಹೆಚ್ಚು ತೆಗೆದುಕೊಳ್ಳಿ, ಅದಕ್ಕೂ ಹೊರಡುವ ಮೊದಲೇ ನಿಮ್ಮ ಕಾಲೇಜಿನ ಒಪ್ಪಿಗೆ ಪಡೆಯಿರಿ.

ಬಿಕಾಂ_ಬಳ್ಳಾರಿ:

ಕ್ರೆಡಿಟ್ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅನ್ನುವ ಆನ್‌ಲೈನ್ ಖಾತೆ ಇದೆಯಲ್ಲ, ಜರ್ಮನಿಯ ಕ್ರೆಡಿಟ್ ಅದಕ್ಕೆ ತಾನಾಗಿ ಬರಲ್ವಾ? ಡಿಜಿಲಾಕರ್‌ನಲ್ಲಿ ನನ್ನ ಐಡಿ ಇದೆ.

ಕಾಲೇಜ್_ಮೇಡಂ:

ಇಲ್ಲಮ್ಮ. 2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಂದ ಆ ವ್ಯವಸ್ಥೆ ನಮ್ಮ ದೇಶದಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ. ಜರ್ಮನಿಯ ಯೂನಿವರ್ಸಿಟಿ ಅದರಲ್ಲಿ ಕ್ರೆಡಿಟ್ ಜಮಾ ಮಾಡುವುದಿಲ್ಲ. ನಿಮ್ಮ ಕಾಲೇಜು ಒಪ್ಪಿ ತನ್ನ ಗ್ರೇಡ್ ಕಾರ್ಡಿನಲ್ಲಿ ಹಾಕಿದ ಮೇಲೆ ಮಾತ್ರ ಅದು ನಿಮ್ಮ ಖಾತೆಗೆ ಬರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಯುಜಿಸಿಯ 2022ರ ನಿಯಮದಲ್ಲಿ ಟ್ವಿನ್ನಿಂಗ್, ಜಾಯಿಂಟ್ ಡಿಗ್ರಿ, ಡ್ಯುಯಲ್ ಡಿಗ್ರಿ ಅಂತ ಮೂರು ಬಗೆ ಇವೆ. ಟ್ವಿನ್ನಿಂಗ್‌ನಲ್ಲಿ (ಓದಿನ ಒಂದು ಭಾಗ ಹೊರದೇಶದಲ್ಲಿ, ಡಿಗ್ರಿ ಇಲ್ಲಿನದು) ಹೊರದೇಶದ ಕ್ರೆಡಿಟ್ ಒಟ್ಟು 30 ಪರ್ಸೆಂಟ್ ದಾಟಬಾರದು. ಅಂದರೆ 160ಕ್ಕೆ 48. ಹಾಸನದವರು ಕೇಳುತ್ತಿರುವುದು ಒಂದು ಸೆಮ್‌ನ ಎಕ್ಸ್‌ಚೇಂಜ್, ಅದು ಬೇರೆ. ಅದಕ್ಕೆ ನಿಮ್ಮ ಕಾಲೇಜಿನ ಅಕಾಡೆಮಿಕ್ ರೆಗ್ಯುಲೇಷನ್ ಮತ್ತು ಆ ಒಪ್ಪಂದದ ಪತ್ರ ಆಧಾರ. ಎರಡರ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ನಿಮ್ಮ ಓದಿನ ಬಗ್ಗೆ ಬರೆದ ಕಾಗದ ನೋಡುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಹುಬ್ಬಳ್ಳಿ_ಮೆಕ್:

ನಾನು ಹೋಗಿ ಬಂದವನು. ಹೊರಡುವ ಮೊದಲು ಲರ್ನಿಂಗ್ ಅಗ್ರಿಮೆಂಟ್‌ಗೆ (ಅಲ್ಲಿ ಓದುವ ಸಬ್ಜೆಕ್ಟ್‌ಗಳ ಒಪ್ಪಂದ ಪತ್ರ) ಮೂರು ಸಹಿ ಆಗಿತ್ತು: ನನ್ನದು, ನಮ್ಮ ಕಾಲೇಜಿನದು, ಅವರದು. ಅಲ್ಲಿಗೆ ಹೋದ ಮೇಲೆ ಒಂದು ಸಬ್ಜೆಕ್ಟ್ ಆ ವರ್ಷ ನಡೆಯುವುದಿಲ್ಲ ಅಂದರು. ಇನ್ನೊಂದರ ಸಮಯ ಬೇರೊಂದಕ್ಕೆ ಅಡ್ಡ ಬಂತು. ನಾನು ಅದೇ ವಾರ ಹೊಸ ಸಬ್ಜೆಕ್ಟಿನ ಸಿಲಬಸ್ ಇಮೇಲ್ ಮಾಡಿ, ತಿದ್ದಿದ ಅಗ್ರಿಮೆಂಟ್‌ಗೆ ಮತ್ತೆ ಸಹಿ ಕೇಳಿದೆ. ಉತ್ತರ ಬರಲು ತಿಂಗಳುಗಳೇ ಹಿಡಿದವು. ವಾಪಸ್ ಬಂದಾಗ ಡಿಪಾರ್ಟ್‌ಮೆಂಟ್ ಹೆಡ್ ಬದಲಾಗಿದ್ದರು. ಹೊಸಬರು "ನನಗೆ ಇದು ಗೊತ್ತಿಲ್ಲ" ಅಂದರು. ಆ ಇಮೇಲ್‌ಗಳು ಇದ್ದದ್ದರಿಂದಲೇ ಕ್ರೆಡಿಟ್ ಉಳಿಯಿತು.

ಹಾಗಾಗಿ ಇಮೇಲ್ ಯಾವಾಗಲೂ ಮೂರು ಜನಕ್ಕೆ ಹೋಗಲಿ: ಹೆಡ್, ಡೀನ್, ಪರೀಕ್ಷಾ ವಿಭಾಗ. ಮನುಷ್ಯರು ಬದಲಾಗುತ್ತಾರೆ, ಆಫೀಸಿನ ಇಮೇಲ್ ಐಡಿ ಇರುತ್ತದೆ. ಹಾಗೇ ಎಲ್ಲ ಸಬ್ಜೆಕ್ಟಿನ ಪೂರ್ತಿ ಸಿಲಬಸ್ ಅನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮುಂದೆ ಎಂಎಸ್‌ಗೆ ಅರ್ಜಿ ಹಾಕುವಾಗಲೂ ಕೇಳುತ್ತಾರೆ.

ಗ್ರೇಡ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ 1.0 ಅತ್ಯುತ್ತಮ, 4.0 ಪಾಸ್, 5.0 ಫೇಲ್. ನಮ್ಮದು ಪೂರ್ತಿ ಉಲ್ಟಾ. ಪರಿವರ್ತನೆಯ ಸೂತ್ರ ಯಾವುದು ಅಂತ ಹೊರಡುವ ಮೊದಲೇ ಕೇಳಿ.

ಕಾಲೇಜ್_ಮೇಡಂ:

ಒಳ್ಳೆ ಮಾತು ನೆನಪಿಸಿದಿರಿ. ಹೊರಗಿನ ಅಂಕವನ್ನು ತಮ್ಮ ಗ್ರೇಡ್‌ಗೆ ಬದಲಿಸಲು ಜರ್ಮನಿಯವರು ಬಳಸುವುದು ಮಾಡಿಫೈಡ್ ಬವೇರಿಯನ್ ಸೂತ್ರ. ಅದನ್ನೇ ಹಿಂದುಮುಂದು ಮಾಡಿ ಇಲ್ಲಿ ಬಳಸಬಹುದು. ನಮ್ಮಲ್ಲಿ ಗರಿಷ್ಠ 10, ಪಾಸ್ 4 ಅಂತ ಇಟ್ಟರೆ ಅವರ 1.7 ನಮ್ಮ 8.6 ಆಗುತ್ತದೆ. 2.3 ಅಂದರೆ 7.4. ಅಲ್ಲಿ 2.3 ಒಳ್ಳೆ ಗ್ರೇಡ್, ಬೇಸರ ಪಡುವಂಥದ್ದಲ್ಲ. ಕೆಲವು ಕಾಲೇಜುಗಳು ಗ್ರೇಡ್ ಬಿಟ್ಟು ಬರೀ ಪಾಸ್ ಅಂತ ಹಾಕುತ್ತವೆ, ಆಗ ಸಿಜಿಪಿಎಗೆ ಅದು ಸೇರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಸಲ ಹೊರಗೆ ಹೋಗುವ ಮಕ್ಕಳಿಗೆ ಪಾಸ್ ಪದ್ಧತಿಯೇ ವಾಸಿ. ಹೊಸ ಊರು, ಹೊಸ ಪರೀಕ್ಷೆ. ನಾಲ್ಕು ವರ್ಷದ ಸಿಜಿಪಿಎ ಅದರಿಂದ ಅಲುಗಾಡಬಾರದು.

ಹಾಸನದ_ಇಸಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಕ್ಯಾಂಪಸ್ ಪ್ಲೇಸ್‌ಮೆಂಟ್ ಏಳನೇ ಸೆಮ್‌ನಲ್ಲೇ ನಡೆಯುತ್ತದೆ, ಅದು ಇನ್ನೊಂದು ತಲೆಬಿಸಿ. ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಮಾತಾಡಿದೆ. ಆನ್‌ಲೈನ್ ಸಂದರ್ಶನ ಇರುವ ಕಂಪನಿಗಳಿಗೆ ಹೆಸರು ಕಳಿಸುತ್ತೇನೆ ಅಂದಿದ್ದಾರೆ.

ಮೇಡಂ ಹೇಳಿದಂತೆ ನಮ್ಮ ಸ್ಕೀಮ್ ಹಿಡಿದು ಪಟ್ಟಿ ಮಾಡಿದೆ. ಮಾಸ್ಟರ್ಸ್ ಪಾಠಕ್ಕೂ ಸೇರಬಹುದು ಅಂತ ಅಲ್ಲಿಂದ ಉತ್ತರ ಬಂತು. ಡಿಜಿಟಲ್ ಕಮ್ಯುನಿಕೇಷನ್ 6 ಇಸಿಟಿಎಸ್, ಒಂದು ಕೋರ್‌ಗೆ. ವಿಎಲ್‌ಎಸ್‌ಐ ಡಿಸೈನ್ 6, ಇನ್ನೊಂದು ಕೋರ್‌ಗೆ. ಮಷೀನ್ ಲರ್ನಿಂಗ್ 5 ಮತ್ತು ಎಂಬೆಡೆಡ್ ಸಿಸ್ಟಮ್ಸ್ 5, ಎರಡು ಪ್ರೊಫೆಷನಲ್ ಎಲೆಕ್ಟಿವ್‌ಗೆ. ಜರ್ಮನ್ ಭಾಷೆ 4, ಓಪನ್ ಎಲೆಕ್ಟಿವ್‌ಗೆ. ಪ್ರಾಜೆಕ್ಟ್ 5. ಒಟ್ಟು 31. ಸರಿ ಇದೆಯಾ?

ಕಾಲೇಜ್_ಮೇಡಂ:

ಬಹಳ ಚೆನ್ನಾಗಿ ಮಾಡಿದ್ದೀರಿ. ಮೂರು ಕಡೆ ತಿದ್ದಬೇಕು.

ಜರ್ಮನ್ ಭಾಷೆ 4 ಇಸಿಟಿಎಸ್ ಅಂದರೆ 2.67. ಓಪನ್ ಎಲೆಕ್ಟಿವ್‌ಗೆ 3 ಬೇಕು, ಒಂದು ಕ್ರೆಡಿಟ್‌ನ ಮೂರನೇ ಒಂದು ಭಾಗ ಕಡಿಮೆ ಬೀಳುತ್ತದೆ. ಭಾಷೆ ಖಂಡಿತ ಕಲಿಯಿರಿ, ಆದರೆ ಆ ಖಾನೆಗೆ ಮ್ಯಾನೇಜ್‌ಮೆಂಟ್ ಅಥವಾ ಪರಿಸರದಂಥ 5 ಇಸಿಟಿಎಸ್‌ನ ಸಬ್ಜೆಕ್ಟ್ ಹುಡುಕಿ. ಇಲ್ಲವೇ ಭಾಷೆಯ ಜೊತೆ ಇನ್ನೊಂದು ಚಿಕ್ಕ ಕೋರ್ಸ್ ಸೇರಿಸಿ ಒಂದೇ ಖಾನೆಗೆ ಹಾಕಲು ಒಪ್ಪಿಗೆ ಕೇಳಿ.

ಎರಡನೆಯದು ವಿಎಲ್‌ಎಸ್‌ಐ. ನಿಮ್ಮಲ್ಲಿ 4 ಕ್ರೆಡಿಟ್‌ನ ಕೋರ್ ಅಂದರೆ ಅದರಲ್ಲಿ ಲ್ಯಾಬ್ ಸೇರಿರುವ ಸಾಧ್ಯತೆ ಜಾಸ್ತಿ. ಅಲ್ಲಿನ ಸಬ್ಜೆಕ್ಟಿನಲ್ಲಿ ಪ್ರಾಕ್ಟಿಕಲ್ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಬಂದ ಮೇಲೆ ಲ್ಯಾಬ್ ಮಾತ್ರ ಇಲ್ಲಿ ಮುಗಿಸುತ್ತೇನೆ ಅಂತ ಅರ್ಜಿಯಲ್ಲೇ ಬರೆಯಿರಿ. ಕೇಳುವ ಮೊದಲೇ ಪರಿಹಾರ ಕೊಟ್ಟರೆ ಬೋರ್ಡ್ ಬೇಗ ಒಪ್ಪುತ್ತದೆ.

ಮೂರನೆಯದು, ಡ್ರೆಸ್ಡೆನ್‌ನವರು ಹೇಳಿದ ಹೆಚ್ಚಿನ ಸಬ್ಜೆಕ್ಟ್ ನಿಮ್ಮ ಪಟ್ಟಿಯಲ್ಲಿ ಇಲ್ಲ. ಕೋರ್ ಖಾನೆಗೂ ಎಲೆಕ್ಟಿವ್ ಖಾನೆಗೂ ಎರಡಕ್ಕೂ ಹೊಂದುವ ಒಂದನ್ನು ಹುಡುಕಿ. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನ ಮುಂದಿನ ಹಂತದ ಪಾಠ ಏನಾದರೂ ಸಿಗಬಹುದು.

ಬೋರ್ಡ್ ಆಫ್ ಸ್ಟಡೀಸ್ ಆಗಾಗ ಸೇರುವುದಿಲ್ಲ. ಮುಂದಿನ ಸಭೆ ಯಾವಾಗ ಅಂತ ನಾಳೆಯೇ ನಿಮ್ಮ ಹೆಡ್ ಹತ್ತಿರ ಕೇಳಿ, ಅದಕ್ಕೂ ಮೊದಲು ಅರ್ಜಿ ಅವರ ಕೈಯಲ್ಲಿ ಇರಲಿ. ತಿದ್ದಿದ ಪಟ್ಟಿ ಇಲ್ಲೇ ಹಾಕಿ, ನೋಡುತ್ತೇನೆ.